ಇಕ್ಕೇರಿಯಲ್ಲಿ ರೋಮಾಪುರಿಯ ಯಾತ್ರಿಕ

ಶಿವಮೊಗ್ಗೆಯಿಂದ ಸಾಗರದ ಕಡೆಗೆ ಹೋಗುವ ಹೆದ್ದಾರಿಯು ಸುಮಾರು ೬ ಮೈಲಿ ನಡೆದ ಮೇಲೆ ತ್ಯಾವರೆಕೊಪ್ಪದ ಕಾಡಂಚನ್ನು ಮುಟ್ಟುವುದು. ೧೯೮೮ರಲ್ಲಿ ಅಲ್ಲಿ ಹುಲಿ ಸಿಂಹಗಳ ಧಾಮವು ಏರ್ಪಟ್ಟಂದಿನಿಂದ ಶಿವಮೊಗ್ಗೆ ಭದ್ರಾವತಿಗಳ ಗೃಹಸ್ಥರು ಬಿಡುವಿನ ದಿನಗಳಲ್ಲಿ ಮಕ್ಕಳುಮರಿಗಳೊಡನೆ ಅಲ್ಲಿಗೆ ಹೋಗಿ, ಮೃಗರಾಜನನ್ನು ಕಂಡು ಸಂಜೆಗೆ ಮನೆ ಸೇರುವುದುಂಟು. ಅಲ್ಲಿಂದ ಹಿಂದಿರುಗದೆ ಅದೇ ದಾರಿಯಲ್ಲಿ ಆಯನೂರು, ಕುಂಸಿ, ಆನಂದಪುರಗಳನ್ನು ದಾಟಿ ಸಾಗರವನ್ನು ಸೇರಿ, ದಕ್ಷಿಣಕ್ಕೆ ಮೂರು ನಾಲ್ಕು ಮೈಲಿ ನಡೆದರೆ ಇಕ್ಕೇರಿ. ಈಗ ಅದು ತೋಟಗದ್ದೆಗಳ ನಡುವೆ ಒಂದು ಭಾರಿಯ ಕಲ್ಲುಗುಡಿಯನ್ನು ಉಳಿಸಿಕೊಂಡಿರುವ ಹಳ್ಳಿ. ನಾಲ್ಕು ನೂರು ವರ್ಷಗಳ ಹಿಂದೆ ಅದು ಘಟ್ಟದ ಮೇಲೂ ಕೆಳಗೂ ಹಬ್ಬಿದ್ದ ರಾಜ್ಯವೊಂದರ ರಾಜಧಾನಿ. ಮೆಣಸಿನ ಆಸೆಗಾಗಿ ಗೋವೆಯ ಪೋರ್ತುಗೀಸರು ರಾಯಭಾರಿಗಳನ್ನು ಕಳುಹಿಸುತ್ತಿದ್ದ ನಗರ. ಆ ನಗರದ ಬೀದಿಗಳಲ್ಲಿ ಕ್ರಿ. ಶ. ೧೬೨೩ನೆಯ ನವೆಂಬರಿನಲ್ಲಿ, ಎಂದರೆ ಶಾಲಿವಾಹನ ಶಕ ೧೫೪೫ ರುಧಿರೋದ್ಗಾರಿ ಸಂವತ್ಸರದ ಕಾರ್ತಿಕ ಮಾಸದಲ್ಲಿ, ರೋಮಾಪುರಿಯ ಕುಲೀನನೊಬ್ಬನು ತನ್ನಷ್ಟಕ್ಕೆ ತಾನು ಅಲೆದಾಡಿ, ಕಂಡುದನ್ನೂ ಕೇಳಿದುದನ್ನೂ ಬರೆದಿಟ್ಟನು. ಅವನ ಹೆಸರು ಪಿಯೆತ್ರೊ ಡೆಲ್ಲಾ ವಾಲ್ಲೆ.

ಈತನು ವರ್ತಕನಲ್ಲ, ಪಾದ್ರಿಯಲ್ಲ, ಯಾವ ದೊರೆಯ ಸೇವಕನೂ ಅಲ್ಲ. ೧೫೮೬ರಲ್ಲಿ ಹುಟ್ಟಿದ ಈ ಶ್ರೀಮಂತನು ೧೬೧೪ರಲ್ಲಿ ಯಾತ್ರಿಕನ ವ್ರತವನ್ನು ತೊಟ್ಟು ವೆನಿಸ್ಸಿನಿಂದ ಹಡಗನ್ನೇರಿ, ಕಾನ್‌ಸ್ಟಾಂಟಿನೋಪಲ್, ಈಜಿಪ್ಟ್, ಜೆರೂಸಲೇಮ್‌ಗಳನ್ನು ನೋಡಿಕೊಂಡು ಬಾಗ್ದಾದಿಗೆ ಬಂದನು. ಅಲ್ಲಿ ೧೬೧೬ರಲ್ಲಿ ಮಾನಿ ಎಂಬ ಕ್ರೈಸ್ತ ಕನ್ಯೆಯನ್ನು ಮದುವೆಯಾದನು. ಆಕೆಯೊಡನೆ ಪಾರಸೀಕ ದೇಶದಲ್ಲಿ ಕೆಲವು ವರ್ಷ ಕಳೆದು, ಹಿಂದೂದೇಶದ ಮಾರ್ಗವಾಗಿ ಊರಿಗೆ ಮರಳಬೇಕೆಂದು ಹೊರಟಾಗ, ೧೬೨೧ನೆಯ ಡಿಸೆಂಬರಿನ ಕೊನೆಯಲ್ಲಿ, ಹೊರ್ಮುಜ್ ಸಮೀಪದ ಮಿನಾಬ್ ಎಂಬಲ್ಲಿ ಮಾನಿಯು ತೀರಿಕೊಂಡಳು. ಅವಳಿಗೆ ಆಗ ಇನ್ನೂ ಇಪ್ಪತ್ತಮೂರು ವಯಸ್ಸು. ಪರದೇಶದ ಮಣ್ಣಿನಲ್ಲಿ ಅವಳನ್ನು ಬಿಟ್ಟುಹೋಗಲು ಪಿಯೆತ್ರೊವಿಗೆ ಮನಸ್ಸಾಗಲಿಲ್ಲ. ಕರ್ಪೂರಾದಿ ದ್ರವ್ಯಗಳಿಂದ ದೇಹವು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಹಡಗಿನವರ ಕಣ್ಣಿಗೆ ಬೀಳದಂತೆ ಸರಕುಗಳ ನಡುವೆ ಮುಚ್ಚಿ, ರೋಮಿನವರೆಗೂ ಅದನ್ನು ಒಯ್ಯುವ ನಿಶ್ಚಯವನ್ನು ಮಾಡಿದನು. ಇಕ್ಕೇರಿಗೆ ಬಂದ ಯಾತ್ರಿಕನು ಈ ಭಾರವನ್ನು ಹೊತ್ತವನೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬರುವ ಸಂಗತಿಗೆ ಇದು ಅವಶ್ಯಕ.

೧೬೨೩ರ ಆರಂಭದಲ್ಲಿ ಸೂರತ್ತಿನಲ್ಲಿ ಇಳಿದು, ಗುಜರಾತನ್ನು ಸುತ್ತಿ, ಅವನು ಗೋವೆಯನ್ನು ಸೇರಿದನು. ಆ ಮಳೆಗಾಲ ಕಳೆದ ಮೇಲೆ ಗೋವೆಯ ಸರಕಾರವು ಇಕ್ಕೇರಿಯ ದೊರೆ ವೆಂಕಟಪ್ಪನಾಯಕನ ಬಳಿಗೆ ರಾಯಭಾರವೊಂದನ್ನು ಕಳುಹಿಸಿತು. ಮೆಣಸಿನ ವ್ಯಾಪಾರವೂ, ನಾಯಕನು ನುಂಗಿಹಾಕಿದ್ದ ಮಂಗಳೂರಿನ ಬಂಗರಸನ ಸೀಮೆಯೂ ಈ ರಾಯಭಾರದ ವಿಷಯ. ನಾಯಕನ ಕಡೆಯವನಾಗಿ ಗೋವೆಗೆ ಹೋಗಿದ್ದ ವಿಠಲ ಶೆಣೈಯೂ ಪೋರ್ತುಗೀಸ್ ರಾಯಭಾರಿಯೂ ಜೊತೆಯಾಗಿ ಹೊರಟರು. ಪಿಯೆತ್ರೊವಿಗೆ ಈ ರಾಜಕಾರ್ಯದಲ್ಲಿ ಯಾವ ಪಾಲೂ ಇರಲಿಲ್ಲ. ಮುಸಲ್ಮಾನರ ಅಥವಾ ಕ್ರೈಸ್ತರ ಆಳ್ವಿಕೆಗೆ ಒಳಪಡದೆ ಹಿಂದುಗಳು ತಮ್ಮ ಪದ್ಧತಿಯಂತೆ ತಾವೇ ಆಳಿಕೊಂಡು ಬಾಳುವ ನಾಡನ್ನು ಒಮ್ಮೆ ಕಣ್ಣಿನಿಂದ ನೋಡಬೇಕೆಂಬುದೊಂದೇ ಅವನ ಹಂಬಲ. ಅದಕ್ಕಾಗಿ ಅವನು ಅವರ ಸಂಗಡ ಹೊನ್ನಾವರಕ್ಕೆ ಬಂದು, ಹೊಳೆಯ ಮೇಲೆ ಗೇರುಸೊಪ್ಪೆಗೆ ಹೋಗಿ, ಘಟ್ಟವನ್ನೇರಿದನು.

ದಾರಿಯಲ್ಲಿಯೇ ಅವನ ಕುತೂಹಲಕ್ಕೆ ತಕ್ಕಷ್ಟು ಆಹಾರ ಸಿಕ್ಕಿತು. ಒಂದು ದೇವಾಲಯದ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ಒಬ್ಬನು ರಾಗವಾಗಿ ಹೇಳಿದುದನ್ನು ಎಲ್ಲರೂ ರಾಗವಾಗಿ ಹೇಳುತ್ತ, ಹೇಳಿದುದನ್ನೇ ಬೆರಳಿನಿಂದ ಬರೆಯುತ್ತ, ನೆಲ ತುಂಬಿದ ಕೂಡಲೆ ಮತ್ತೆ ಮರಳನ್ನೆರಚಿ ಅಳಿಸುತ್ತ, ಉಪಾಧ್ಯಾಯರಿಲ್ಲದೆಯೇ ಲೆಕ್ಕ ಕಲಿಯುತ್ತಿದ್ದರು. ಕಾಗದ ಮಸಿಗಳ ಖರ್ಚಿಲ್ಲದ ಈ ವಿದ್ಯೆಯನ್ನು ಅವನು ಮೆಚ್ಚಿಕೊಂಡು ದೀರ್ಘವಾಗಿ ಬರೆದನು. ನಮ್ಮ ಹಿಂದಿನ ತಲೆಯವರು ಮರಳಿನಲ್ಲಿ ತಿದ್ದಿದ ಕ್ರಮಕ್ಕೆ ಇಷ್ಟು ಸೊಗಸಾದ ಹಳೆಯ ಸಾಕ್ಷ್ಯ ಸಿಕ್ಕುವುದು ಅಪರೂಪ. ಮನೆಗಳ ನೆಲವನ್ನು ಸೆಗಣಿಯಿಂದ ಸಾರಿಸುವುದೂ ಅವನಿಗೆ ಹಿಡಿಸಿತು. ನಯವಾಗಿ ಹೊಳೆಯುವ ಆ ನೆಲವು ಪ್ಲೇಗು ಬಾರದಂತೆ ತಡೆಯುವುದೆಂದು ಯಾರೋ ಅವನಿಗೆ ಹೇಳಿದರು. ಇಟಲಿಗೆ ಹೋದ ಮೇಲೆ ತಾನೂ ಹಾಗೆ ಮಾಡಿಸಿ ನೋಡುವೆನೆಂದು ಅವನು ಬರೆದಿರುವನು. ರೋಮಿನ ಅರಮನೆಯಂತಹ ಮನೆಯೊಳಗೆ ಸಾರಣೆ ನಡೆಯುವ ಚಿತ್ರವನ್ನು ಊಹಿಸಿದರೆ ನಗು ಬಾರದಿರದು.

ನವೆಂಬರಿನ ಮೊದಲ ವಾರದಲ್ಲಿ ಅವರು ಇಕ್ಕೇರಿಯನ್ನು ಪ್ರವೇಶಿಸಿದರು. ಊರು ಒಳ್ಳೆಯ ಬಯಲಿನಲ್ಲಿ ಹರಡಿತ್ತು. ಒಳಹೋಗಲು ಮೂರು ಬಾಗಿಲು, ಮೂರು ಸುತ್ತು. ಒಂದೊಂದಕ್ಕೂ ಚಿಕ್ಕ ಕೋಟೆ, ಅಗಳು. ಹೊರಗಿನ ಎರಡು ಸುತ್ತುಗಳು ಗೋಡೆಗಳಲ್ಲ. ದಟ್ಟವಾಗಿ ನೆಟ್ಟು ಬೆಳೆಸಿದ ಎತ್ತರದ ಬಿದಿರಿನ ಮೆಳೆಗಳು. ಕಾಲಾಳಿಗೂ ಕುದುರೆಗೂ ಅವನ್ನು ಭೇದಿಸುವುದು ಕಷ್ಟ, ಕಡಿಯುವುದು ಇನ್ನೂ ಕಷ್ಟ, ಬೆಂಕಿಯ ಭಯವಿಲ್ಲ. ಅದರ ಮೇಲೆ ಹಬ್ಬಿದ ಬಳ್ಳಿಗಳಿಂದ ಕಣ್ಣಿಗೆ ತಂಪು, ದಾರಿಗೆ ನೆರಳು. ಮೂರನೆಯದು ಗೋಡೆಯೇ, ಆದರೆ ದುರ್ಬಲವಾದುದು. ಒಳಗೆ ಮನೆಗಳು ವಿರಳವಾಗಿದ್ದುವು, ಕಟ್ಟಡಗಳಲ್ಲಿ ಚೆಲುವಿರಲಿಲ್ಲ. ಆದರೆ ಬೀದಿಗಳು ಉದ್ದವಾಗಿಯೂ ಅಗಲವಾಗಿಯೂ ಇದ್ದುವು. ಕೆಲವಕ್ಕೆ ಎತ್ತರದ ಮರಗಳ ನೆರಳು. ಅಲ್ಲಲ್ಲಿ ದೊಡ್ಡ ಕೆರೆಗಳು, ತೋಪುಗಳಂತಹ ಹೊಲಗಳು. ನಗರವೂ ಕೆರೆಯೂ ಹೊಲವೂ ವನವೂ ಒಂದರೊಳಗೊಂದು ಬೆರೆತಂತಿದ್ದ ಆ ಊರು ನೋಡಲು ಬಹು ಮನೋಹರವಾಗಿತ್ತೆಂದು ಅವನ ಅಭಿಪ್ರಾಯ.

ಈ ವರ್ಣನೆಯಲ್ಲಿ ಅತಿಶಯೋಕ್ತಿಯಿಲ್ಲದಿರುವುದೇ ಅದರ ಬೆಲೆ. ೧೮೦೧ರಲ್ಲಿ ಈ ಸೀಮೆಯನ್ನು ಸುತ್ತಿದ ಡಾಕ್ಟರ್ ಬುಕಾನನನಿಗೆ ಊರವರು, ಹಿಂದೆ ಇಲ್ಲಿ ಲಕ್ಷ ಮನೆಗಳಿದ್ದುವೆಂದು ಹೇಳಿದರು. ಪಾಳುಬಿದ್ದ ಊರಿನ ಜನ ಹೀಗೆ ಹೇಳುವುದು ಸಹಜ. ಊರು ಬಾಳುತ್ತಿದ್ದಾಗಲೇ ಕಂಡವನು ಮನೆಗಳು ವಿರಳವೆಂದು ಬರೆದಿರುವಾಗ ಆ ಲಕ್ಷದ ಲೆಕ್ಕವನ್ನು ನಂಬುವಂತಿಲ್ಲ. ಆದರೆ ಮೂರು ಸುತ್ತುಗಳ ವಿಷಯದಲ್ಲಿ ಇಬ್ಬರ ಮಾತೂ ಒಂದೇ. ಬುಕಾನನನು ಕಂಡ ಅರಮನೆಯ ಅವಶೇಷವೂ ಮಣ್ಣು ಮರಗಳದು. ಮಲೆನಾಡಿನ ರಾಜಧಾನಿಯು ವಿಜಯನಗರದಂತೆ ಕಲ್ಲಿನಿಂದ ಮೆರೆದುದಲ್ಲ. ಬಿದಿರು, ಮಣ್ಣು, ಮರ, ನೀರು ಇವುಗಳಿಂದ ಕಟ್ಟಿದುದು. ಅದರಿಂದಲೇ ಅದು ಅಷ್ಟು ಬೇಗ ನೆಲದೊಳಗೆ ಕರಗಿಹೋಯಿತು.

ಪಿಯೆತ್ರೊ ಪ್ರತಿದಿನವೂ ದುಭಾಷಿಯನ್ನು ಕರೆದುಕೊಂಡು, ಕೆಲವು ವೇಳೆ ಅದೂ ಇಲ್ಲದೆ, ಸಂಜೆಗಳಲ್ಲಿ ಬೀದಿ ತಿರುಗುತ್ತಿದ್ದನು. ಜಂಗಮರೊಬ್ಬರು ಪಲ್ಲಕ್ಕಿಯಲ್ಲಿ ಪರಿವಾರದೊಡನೆ ಹೋಗುವುದನ್ನೂ, ಜನರು ಅವರಿಗೆ ತೋರುವ ಭಕ್ತಿಯನ್ನೂ ನಿಂತು ನೋಡಿದನು. ಒಂದು ಸಂಜೆ ರೇಷ್ಮೆಯುಟ್ಟು ಹೂಮುಡಿದ ಬಾಲೆಯರ ಗುಂಪುಗಳು ಬೀದಿಗಿಳಿದು, ಗೇಣುದ್ದದ ಬಣ್ಣದ ಕೋಲುಗಳನ್ನು ಹಿಡಿದು, ಒಂದಕ್ಕೊಂದು ತಾಗಿಸುತ್ತ ಸುತ್ತುಗಟ್ಟಿ ಹಾಡಿ ಕುಣಿದರು. ಒಬ್ಬಳು ಹಾಡಿನ ನುಡಿಯನ್ನು ಹೇಳಿದ ಮೇಲೆ ಉಳಿದವರೆಲ್ಲ ಏಳೆಂಟು ಸಲ ‘ಕೋಲೆ, ಕೋಲೆ’ ಎನ್ನುತ್ತಿದ್ದರು. ಈ ಶಬ್ದದ ಅರ್ಥ ತನಗೆ ತಿಳಿಯದು, ಸಂತೋಷವನ್ನು ಸೂಚಿಸುವ ಮಾತಿರಬಹುದು ಎಂದು ಅವನು ಬರೆದನು. ಕೈಯಲ್ಲಿದ್ದ ಕೋಲೇ ಬಾಯಲ್ಲಿಯೂ ಇದ್ದುದನ್ನು ದುಭಾಷಿಯು ಏಕೆ ಹೇಳಲಿಲ್ಲವೋ! ಇದು ಮಹಾದೇವನ ಪತ್ನಿಯಾದ ಗೌರಿಯ ಹಬ್ಬವೆಂದು ಮಾತ್ರ ಅವನಿಗೆ ತಿಳಿಯಿತು. ಪಂಚಾಂಗದ ಲೆಕ್ಕದಂತೆ ಆ ವರ್ಷ ಕಾರ್ತಿಕದ ಹುಣ್ಣಿಮೆಯು ನವೆಂಬರ್ ೭ನೆಯ ತಾರೀಖಿನ ಸುಮಾರಿಗೆ ಬಿದ್ದಿತ್ತು. ಆದುದರಿಂದ ರೋಮಿನ ಯಾತ್ರಿಕನು ಕಂಡುದು ನಮ್ಮ ಮನೆಗಳಲ್ಲಿ ಸಕ್ಕರೆಯ ಆರತಿ ಬೆಳಗುವ ಗೌರಿಹುಣ್ಣಿಮೆಯೆಂದು ಹೇಳಲು ಅಡ್ಡಿಯಿಲ್ಲ.

ಅಘೋರೇಶ್ವರನ ಗುಡಿಯೇ ಊರಿಗೆ ದೊಡ್ಡದು. ಒಳಗಿನ ದೇವರಿಗೆ ಒಂದೇ ತಲೆ, ಎಡಕ್ಕೆ ಹದಿನಾರು ಬಲಕ್ಕೆ ಹದಿನಾರು ಕೈಗಳೆಂದು ಪಿಯೆತ್ರೊವಿನ ಬರಹ. ಆ ಮೂರ್ತಿಯು ಇಂದು ಪೀಠದ ಮೇಲಿಲ್ಲ. ಆದರೆ ಆ ವಿಶಾಲವಾದ ಪೀಠದ ಸುತ್ತಲೂ ಕೆತ್ತಿರುವ ಶಕ್ತಿಯರ ಸಂಖ್ಯೆಯೂ ಮೂವತ್ತೆರಡೇ. ಕಾರ್ತಿಕದ ಸೋಮವಾರದ ರಾತ್ರಿ ಗುಡಿಯ ಸುತ್ತ ದೀಪಗಳನ್ನು ಹಚ್ಚಿ, ವಾದ್ಯ ನೃತ್ಯಗಳೊಡನೆ ದೇವರನ್ನು ಪಲ್ಲಕ್ಕಿಯಲ್ಲಿ ಮೆರೆಯಿಸಿದುದನ್ನು ಅವನು ಜನರ ನಡುವೆ ನಿಂತು ನೋಡಿದನು. ಗುಡಿಯ ನೆಲದ ಮೇಲೆ ಸಾಷ್ಟಾಂಗವೆರಗಿದಂತೆ ಕೆತ್ತಿರುವ ಮೂವರು ಕೆಳದಿಯ ಅರಸರನ್ನು ಇಂದಿಗೂ ಕಾಣಬಹುದು. ಅವರಲ್ಲಿ ಒಬ್ಬನಿಗೆ ಕೈಕಾಲುಗಳಲ್ಲಿ ಸಂಕೋಲೆ. ನಡುಗಂಬಗಳ ಅಂತರವಾದ ೧೮ ಅಡಿ ೬ ಅಂಗುಲವನ್ನೇ ಅಡಕೆಯ ತೋಟವನ್ನು ಅಳೆಯುವ ಗಳೆಯನ್ನಾಗಿ ಮಾಡಿಕೊಂಡಿದ್ದರೆಂದು ರೈಸ್ ಸಾಹೇಬರು ಬರೆದಿರುವರು. ದೇವರ ಗುಡಿಯನ್ನೇ ತೋಟದ ಅಳತೆಗೋಲನ್ನಾಗಿ ಮಾಡಿಕೊಂಡ ಜನ ಅಡಕೆಯನ್ನು ಎಷ್ಟು ಗೌರವದಿಂದ ಕಂಡರೆಂಬುದಕ್ಕೆ ಬೇರೆ ಪ್ರಮಾಣ ಬೇಡ.

ದೊರೆಯ ಒಡ್ಡೋಲಗದ ವಿಷಯವಾಗಿ ಅವನಿಗೆ ಹೆಚ್ಚು ಆದರವಿರಲಿಲ್ಲ. ವಿಜಯನಗರದ ಸಾಮಂತರ ವಂಶದವನಾದ ವೆಂಕಟಪ್ಪನನ್ನು ದೊರೆಯೆನ್ನುವುದಕ್ಕಿಂತ ಚಿಕ್ಕ ಅರಸನೆನ್ನುವುದು ಮೇಲೆಂದು ಅವನೆಂದನು. ೧೬೨೯ರವರೆಗೆ ಆಳಿ, ಪೋರ್ತುಗೀಸರನ್ನು ಬಾಗಿಲಲ್ಲಿ ಕಾಯಿಸಿದ ದೊರೆಗೆ ಇದು ಸಲ್ಲುವ ಮಾತಲ್ಲ. ಆದರೆ ಅರಮನೆಯ ಒಳಗಿನ ಸುದ್ದಿಯೊಂದನ್ನು ಮಾತ್ರ ಅವನು ಆಸಕ್ತಿಯಿಂದ ಬರೆದುಕೊಂಡನು. ದೊರೆಯು ಗುಟ್ಟಾಗಿ ಮುಸಲ್ಮಾನ ಸ್ತ್ರೀಯೊಬ್ಬಳ ಸಂಗವನ್ನು ಮಾಡಿದನೆಂದು ಪಟ್ಟದ ರಾಣಿಯಾದ ಭದ್ರಮ್ಮನಿಗೆ ತಿಳಿದಾಗ, ಲಿಂಗಧಾರಿಣಿಯಾದ ಆಕೆಯು ಇನ್ನು ಮುಂದೆ ತಾನು ಅವನ ಪತ್ನಿಯಲ್ಲ, ಮಗಳು. ಅವನು ತನಗೆ ತಂದೆ ಎಂದು ಆಣೆಯಿಟ್ಟಳಂತೆ. ದೊರೆಯು ಎಷ್ಟು ಬೇಡಿದರೂ ಆಣೆ ಕದಲಲಿಲ್ಲ. ಆಕೆಯ ಮೇಲಿನ ಗೌರವವೂ ಕುಂದಲಿಲ್ಲವೆಂದು ಅವನು ಕೇಳಿದನು.

ಇನ್ನು ನವೆಂಬರ್ ೧೬, ಗುರುವಾರ. ಇದಕ್ಕೆ ಕೆಲವು ದಿನಗಳ ಹಿಂದೆ ಅವನು ಬೀದಿಯಲ್ಲಿ ಒಂದು ದೃಶ್ಯವನ್ನು ಕಂಡಿದ್ದನು. ಹೆಂಗಸೊಬ್ಬಳು ಮುಖಕ್ಕೆ ಮುಸುಕಿಲ್ಲದೆ ಕುದುರೆಯೇರಿ, ಒಂದು ಕೈಯಲ್ಲಿ ಕನ್ನಡಿಯನ್ನೂ ಒಂದು ಕೈಯಲ್ಲಿ ನಿಂಬೆಯ ಹಣ್ಣನ್ನೂ ಹಿಡಿದು, ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳುತ್ತ, ಕೇಳಿದವರ ಕರುಳು ಕರಗುವಂತಹ ದನಿಯಿಂದ ಏನನ್ನೋ ಹಾಡುತ್ತ ಹೋಗುತ್ತಿದ್ದಳು. ಗಂಡ ಸತ್ತಿರುವನು, ಇವಳು ಅಗ್ನಿಪ್ರವೇಶ ಮಾಡುವಳು, ಈ ಹಾಡು ಲೋಕಕ್ಕೂ ತನ್ನ ದೇಹಕ್ಕೂ ಹೇಳುವ ಬೀಳ್ಕೊಡಿಗೆ ಎಂದು ಜನರು ತಿಳಿಸಿದರು. ಹದಿನಾರನೆಯ ದಿನ, ಈ ಸಂಜೆಯೇ ಅವಳು ಸಾಯುವಳೆಂಬ ವರ್ತಮಾನ ಬಂದುದರಿಂದ ಅವನು ಅವಳ ಮನೆಯನ್ನು ವಿಚಾರಿಸಿಕೊಂಡು ಹೋದನು. ಹೋದ ಮೇಲೆ, ಇನ್ನೂ ಕೆಲವು ದಿನಗಳಿವೆಯೆಂದು ತಿಳಿಯಿತು.

ಅವಳು ಅಂಗಳದಲ್ಲಿ ಕುಳಿತಿದ್ದಳು. ಸುತ್ತಲೂ ಕುಳಿತವರು ವಾದ್ಯ ಬಾರಿಸುತ್ತಿದ್ದರು. ಬಿಳಿಯ ಬಟ್ಟೆ, ಮೈತುಂಬ ಚಿನ್ನದ ಸರ ಬಳೆಗಳು, ತಲೆಯ ಮೇಲೆ ಸೂರ್ಯನ ಕಿರಣಗಳಂತೆ ಹರಡಿದ ಹೂವಿನ ಮಾಲೆ, ಕೈಯಲ್ಲಿ ಅದೇ ನಿಂಬೆಯ ಹಣ್ಣು, ನೋಡಿದರೆ ಮದುವಣಗಿತ್ತಿಯೆನ್ನಬೇಕು. ಮದುವಣಗಿತ್ತಿಯಂತೆಯೇ ನಗುತ್ತ ಮಾತಾಡುತ್ತಲೂ ಇದ್ದಳು. ವಿಚಿತ್ರವಾದ ಉಡುಪಿನ ಪರದೇಶಿಯು ಬಾಗಿಲಲ್ಲಿ ನಿಂತಿರುವುದನ್ನು ಕಂಡು ಕೆಲವರು ಎದ್ದುಬಂದರು. ಬಹುದೂರದ ದೇಶದವನು ತಾನು. ಈ ದೇಶದಲ್ಲಿ ಗಂಡನೊಡನೆ ಸಾಯುವಷ್ಟು ಪ್ರೀತಿಯುಳ್ಳ ಹೆಂಡಿರಿರುವರೆಂದು ಕೇಳಿದ್ದೆನು. ಅದನ್ನು ಕಣ್ಣಾರೆ ಕಂಡೆನೆಂದು ಊರಿನಲ್ಲಿ ಹೇಳಬೇಕೆಂದು ಬಂದೆನು ಎಂದು ಅವನು ದುಭಾಷಿಯಿಂದ ಹೇಳಿಸಿದನು. ಮನೆಯವರಿಗೆ ಸಂತೋಷವಾಯಿತು. ಅವಳೂ ಆ ಮಾತನ್ನು ಕೇಳಿ, ಎದ್ದು, ಅವನ ಬಳಿಗೆ ಬಂದಳು. ಇಬ್ಬರೂ ನಿಂತುಕೊಂಡೇ ಬಹಳ ಹೊತ್ತು ಮಾತನಾಡಿದರು.

ಅವಳ ಹೆಸರನ್ನು ಅವನು ಕಿವಿಗೆ ಕೇಳಿಸಿದಂತೆ ‘ಜ್ಯಾಕ್ಕಮಾ’ ಎಂದು ಬರೆದುಕೊಂಡಿರುವನು, ಜಕ್ಕಮ್ಮನೆಂಬುದರಲ್ಲಿ ಸಂದೇಹವಿಲ್ಲ. ತೆಲಿಂಗರ ಕುಲ, ಗಂಡನು ವಾದ್ಯ ಬಾರಿಸುವವನು, ಸತ್ತು ಹತ್ತೊಂಬತ್ತು ದಿನಗಳಾಗಿದ್ದುವು. ಅವನಿಗೆ ಇವಳಿಗಿಂತ ಹಿರಿಯರಾದ ಇನ್ನಿಬ್ಬರು ಹೆಂಡಿರು. ಅವರೂ ಅಲ್ಲಿಯೇ ಇದ್ದರು. ನೀವೇಕೆ ಹೋಗುವುದಿಲ್ಲವೆಂದರೆ, ನಮಗೆ ಮಕ್ಕಳು ಬಹಳವೆಂದು ಅವರ ಉತ್ತರ. ಈ ಮಾತಿನ ಎಳೆಯನ್ನೇ ಹಿಡಿದು ಪಿಯೆತ್ರೊ ಜಕ್ಕಮ್ಮನನ್ನು ಪ್ರಶ್ನಿಸಿದನು. ಅವಳಿಗೂ ಆರೇಳು ವರ್ಷದ ಗಂಡುಮಗನೊಬ್ಬನಿದ್ದನು, ಮಗಳೊಬ್ಬಳಿದ್ದಳು. ಮಗನನ್ನು ಅವಳೇ ತೋರಿಸಿದ್ದಳು. ಈ ಎಳೆಯರನ್ನು ಬಿಟ್ಟು ಹೇಗೆ ಹೋಗುವೆ, ಇವರಿಗಾಗಿ ಬದುಕುವುದಲ್ಲವೇ ಧರ್ಮ ಎಂದನು. ಚಿಕ್ಕಪ್ಪನಿಗೆ ಒಪ್ಪಿಸಿರುವೆನು, ಸವತಿಯರೂ ನೋಡಿಕೊಳ್ಳುವರು ಎಂದು ಅವಳೆಂದಳು. ಪಕ್ಕದಲ್ಲಿಯೇ ನಿಂತಿದ್ದ ಆ ಚಿಕ್ಕಪ್ಪನು ಬಹು ಉಲ್ಲಾಸದಿಂದ ಮಾತಿಗೆ ಮಾತು ಕೂಡಿಸುತ್ತಿದ್ದನು. ತಾಯಿಯ ಮನಸ್ಸನ್ನು ತಿರುಗಿಸಲು ಮಕ್ಕಳ ಮೇಲಿನ ಮಮತೆಗಿಂತ ಬಲವಾದುದಿಲ್ಲವೆಂದು ತಿಳಿದ ಯಾತ್ರಿಕನು ಮತ್ತೆ ಮತ್ತೆ ಅದನ್ನೇ ಹೇಳಿ ನೋಡಿದನು. ಎಲ್ಲಕ್ಕೂ ಅವಳು ನಗುಮುಖದಿಂದಲೇ ಉತ್ತರ ಕೊಟ್ಟಳು. ಯಾರಾದರೂ ಬಲಾತ್ಕರಿಸಿರುವರೇ ಎಂದು ಕೇಳಿದುದಕ್ಕೆ, ಇಲ್ಲ, ಇದು ನನ್ನ ಸ್ವಂತ ಇಚ್ಛೆ ಎಂದಳು. ಬಲಾತ್ಕಾರವು ಎಲ್ಲಿಯೂ ಇಲ್ಲವೇ ಎಂದು ಅವನು ಬಿಡದೆ ವಿಚಾರಿಸಲು, ಸಾಮಾನ್ಯವಾಗಿ ಇಲ್ಲ, ದೊಡ್ಡ ಮನೆತನಗಳಲ್ಲಿ ವಿಧವೆಯು ಹರೆಯದವಳಾಗಿ ಚೆಲುವೆಯಾಗಿದ್ದರೆ ಕುಲಕ್ಕೆ ಕಳಂಕ ತಂದಾಳೆಂದು ಕೆಲವೊಮ್ಮೆ ಬಲವಂತ ಮಾಡುವುದುಂಟು ಎಂದು ಅಲ್ಲಿದ್ದವರೇ ಒಪ್ಪಿಕೊಂಡರು.

ಈ ಸಂಭಾಷಣೆಯನ್ನು ಓದುವವನಿಗೆ ಒಂದೆರಡು ಸಂಗತಿಗಳು ತೋರದೆ ಇರವು. ಇಂತಹ ವೀರಕಾರ್ಯವು ಕೀಳುಕುಲದವರಲ್ಲಿ ಅಪರೂಪವೆಂದು ಪಿಯೆತ್ರೊ ಆಶ್ಚರ್ಯಪಡುವನು. ಇದು ರೋಮಿನ ಶ್ರೀಮಂತನ ಕಣ್ಣು. ‘ಸ್ವಂತ ಇಚ್ಛೆ’ ಎಂಬ ಉತ್ತರವನ್ನು ಅವನು ಹಾಗೆಯೇ ನಂಬಿದನು. ಆದರೆ ಆ ಪ್ರಶ್ನೆಯನ್ನು ಕೇಳಿದುದು ಎಲ್ಲಿ? ಉಲ್ಲಾಸದ ಚಿಕ್ಕಪ್ಪನ ಎದುರಿಗೆ, ಬಂಧುಗಳ ನಡುವೆ, ಪರಭಾಷೆಯ ದುಭಾಷಿಯ ಬಾಯಿಂದ. ಹಲವು ದಿನಗಳಿಂದ ಕುದುರೆಯ ಮೇಲೆ ಊರೆಲ್ಲ ಮೆರೆದು, ಊರಿಗೆ ಊರೇ ಕೈಮುಗಿದ ಮೇಲೆ, ಅಂಗಳದಲ್ಲಿ ನಿಂತು ‘ಒಲ್ಲೆ’ ಎನ್ನುವುದು ಎಷ್ಟು ಜನಕ್ಕೆ ಸಾಧ್ಯ? ಅಲ್ಲಿದ್ದ ಮೂವರು ಹೆಂಗಸರಲ್ಲಿ ಇಬ್ಬರು ಮೊದಲೇ ‘ಒಲ್ಲೆವು’ ಎಂದು ಬದುಕಿಕೊಂಡಿದ್ದರು; ಅವರನ್ನು ನೋಡಲು ಯಾವ ಯಾತ್ರಿಕನೂ ಬರಲಿಲ್ಲ, ಅವರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಜಕ್ಕಮ್ಮನ ಮಕ್ಕಳಿಗೆ ತಾಯಿಯಾಗಿ ಉಳಿಯಬೇಕಾಗಿದ್ದವರು ಆ ಇಬ್ಬರೇ.

ಆದರೂ ಯಾತ್ರಿಕನಿಗೆ ಅನ್ಯಾಯವಾಗಬಾರದು. ಸತಿಯನ್ನು ಕುರಿತು ಬರೆದ ವಿದೇಶೀಯರು ಅನೇಕರು. ಹೆಚ್ಚಿನವರು ದೂರದಲ್ಲಿ ನಿಂತು ಬೆಂಕಿಯನ್ನು ನೋಡಿದವರು. ಇವನು ಬಳಿಗೆ ಹೋಗಿ ಹೆಸರನ್ನು ಕೇಳಿದನು, ಮಕ್ಕಳನ್ನು ನೋಡಿದನು, ಬದುಕೆಂದು ವಾದಿಸಿದನು. ಎರಡು ವರ್ಷಗಳಿಂದ ಸತ್ತ ಹೆಂಡತಿಯ ದೇಹವನ್ನು ದೇಶದಿಂದ ದೇಶಕ್ಕೆ ಒಯ್ಯುತ್ತಿದ್ದವನು, ಸತ್ತ ಗಂಡನ ಹಿಂದೆ ಹೋಗುವೆನೆನ್ನುವವಳಿಗೆ ಬದುಕೆಂದು ಹೇಳುತ್ತ ನಿಂತಿದ್ದನು. ಈ ಹೋಲಿಕೆಯನ್ನು ಅವನು ಪತ್ರದಲ್ಲಿ ಎತ್ತಿ ಆಡುವುದಿಲ್ಲ. ಬೀಳ್ಕೊಳ್ಳುವಾಗ, ತನ್ನ ಲೇಖನಿಯಿಂದ ಆದಮಟ್ಟಿಗೆ ನಿನ್ನ ಹೆಸರನ್ನು ಲೋಕದಲ್ಲಿ ಉಳಿಸುವೆನೆಂದು ಅವಳಿಗೆ ಮಾತುಕೊಟ್ಟನು.

ಮಲೆನಾಡಿನ ಊರುಗಳಲ್ಲಿ ಮಾಸ್ತಿಕಲ್ಲುಗಳನ್ನು ಕಂಡವರಿಗೆ ಅವನ ಬರಹದ ಒಂದು ಮಾತು ಬಹು ಬೆಲೆಯುಳ್ಳುದಾಗಿ ತೋರುವುದು. ಬಳೆ ತೊಟ್ಟು ಮೇಲಕ್ಕೆತ್ತಿದ ತೋಳು, ಬೆರಳುಗಳ ನಡುವೆ ದುಂಡನೆಯ ನಿಂಬೆಯ ಹಣ್ಣು, ಕೆಲವೆಡೆ ಕೈಗನ್ನಡಿ. ಇವಿಷ್ಟೇ ಆ ಕಲ್ಲುಗಳ ಗುರುತು. ಶಿಲ್ಪಿಗಳು ಕೇವಲ ಸಂಕೇತವಾಗಿ ಕೆತ್ತಿದುದಲ್ಲವೆಂಬುದಕ್ಕೆ, ಹೆಂಗಸರು ನಿಜವಾಗಿ ಆ ಹಣ್ಣನ್ನೂ ಆ ಕನ್ನಡಿಯನ್ನೂ ಹಿಡಿದು ಬೀದಿಯಲ್ಲಿ ಹೋದರೆಂಬುದಕ್ಕೆ, ಇಕ್ಕೇರಿಯ ಬೀದಿಯಲ್ಲಿ ನಿಂತಿದ್ದ ಈ ಪರದೇಶಿಯೇ ಸಾಕ್ಷಿ. ಆ ಪದ್ಧತಿಯನ್ನು ಕಾನೂನಿನಿಂದ ನಿಲ್ಲಿಸಿದುದು ಇನ್ನೂರಾರು ವರ್ಷಗಳ ಮೇಲೆ, ೧೮೨೯ರಲ್ಲಿ, ಅದೂ ಮೊದಲು ಬಂಗಾಳದಲ್ಲಿ.

ಜಕ್ಕಮ್ಮನ ಚಿತೆಯ ವರ್ಣನೆ ಅವನ ಪತ್ರಗಳಲ್ಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ ಅವನು ಇಕ್ಕೇರಿಯನ್ನು 
ಬಿಟ್ಟು ಘಟ್ಟವಿಳಿದು, ಬಸರೂರಿನ ಮಾರ್ಗವಾಗಿ ಮಂಗಳೂರಿನ ಕಡೆಗೆ ಹೋದನು. ಡಿಸೆಂಬರಿನಲ್ಲಿ ಉಳ್ಳಾಲದ ರಾಣಿಯನ್ನು ಕಂಡನು. ಇಕ್ಕೇರಿಗೂ ಒಳ್ಳೆಯ ದಿನಗಳು ಹೆಚ್ಚು ಉಳಿದಿರಲಿಲ್ಲ. ೧೬೩೭ರಲ್ಲಿ ಬಿಜಾಪುರದ ಸೈನ್ಯವು ಬಿದಿರಿನ ಸುತ್ತುಗಳನ್ನು ದಾಟಿ ಊರನ್ನು ಸೂರೆಮಾಡಿತು. ವೆಂಕಟಪ್ಪನ ಮೊಮ್ಮಗ ವೀರಭದ್ರನಾಯಕನು ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದನು. ಆಮೇಲೆ ಬಹುಕಾಲದವರೆಗೆ ಇಕ್ಕೇರಿಯ ಹೆಸರು ವರಹದ ನಾಣ್ಯದ ಮೇಲೆ ಮಾತ್ರ ಓಡಾಡುತ್ತಿತ್ತು.

ಪಿಯೆತ್ರೊ ೧೬೨೬ರಲ್ಲಿ ರೋಮನ್ನು ಸೇರಿದನು. ಮರುವರ್ಷ ಮಾನಿಯ ದೇಹವನ್ನು ಅರಾಚೆಲಿಯ ಚರ್ಚಿನಲ್ಲಿ, ತನ್ನ ಹಿರಿಯರ ಸಮಾಧಿಯಲ್ಲಿಯೇ, ವಿಜೃಂಭಣೆಯಿಂದ ಇಡಿಸಿದನು; ಚರಮಭಾಷಣವನ್ನು ತಾನೇ ಮಾಡಲು ಹೋಗಿ, ದುಃಖದಿಂದ ಗಂಟಲು ಕಟ್ಟಿ ನಡುವೆ ನಿಂತುಹೋಯಿತಂತೆ. ನೇಪಲ್ಸಿನ ವೈದ್ಯಮಿತ್ರ ಸ್ಕಿಪಾನೋ ಎಂಬವನಿಗೆ ಅವನು ಬರೆದ ಪತ್ರಗಳಲ್ಲಿ ಹಿಂದೂದೇಶದ ಭಾಗವು ಅಚ್ಚಾದುದು ೧೬೬೩ರಲ್ಲಿ, ಅವನು ಸತ್ತ ಹನ್ನೊಂದು ವರ್ಷಗಳ ಮೇಲೆ. ಇಂಗ್ಲಿಷಿನಲ್ಲಿ ಹಾಕ್ಲೂಯ್ಟ್ ಸೊಸೈಟಿಯವರು ಅದನ್ನು ೧೮೯೨ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಇಕ್ಕೇರಿಯ ವಾದ್ಯದವನ ಹೆಂಡತಿಯ ಹೆಸರು ಆ ಪುಟಗಳಲ್ಲಿದೆ.